ಏಳೂವರೆಯ ನಡುಕ

ನಾನು ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾದದ್ದು ಕಾವಲಿಗೆಂದು ಹೋಗಿ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬಂದವಳು. ಸೋಲಾಪುರದ ನಮ್ಮದು ಚಾದರು, ಟಾವೆಲ್ಲುಗಳ ವ್ಯಾಪಾರದ ಮನೆ. ಮದುವೆಯಾಗಿ ಹದಿನೆಂಟು ವರ್ಷ ಅವಳ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ರೇಶಿಮೆ ಸೀರೆಗಳ ಕೆಳಗೆ ಮಲಗಿತ್ತು. ಕೆಟ್ಟ ಮಿಕ್ಸರು, ನಿಂತ ಗಡಿಯಾರ ಸರಿಮಾಡುವಾಗ ಮಾತ್ರ ಆ ವಿದ್ಯೆ ಎದ್ದು ಬರುತ್ತಿತ್ತು. ಒಂದು ಮುಂಜಾನೆ ಅವಳು ಪೇಪರಿನ ನಡುವೆ ಬಂದ ಚೀಟಿಯೊಂದನ್ನು ಹಿಡಿದು ಅಡುಗೆಮನೆಗೆ ಓಡಿ ಬಂದಳು.

"ಅಕ್ಕಾ, ರೇಡಿಯೋದ ಕ್ಲಾಸ್ ಅಂತ. ಪರೀಕ್ಷಾ ಪಾಸಾದ್ರ ಸರಕಾರದವ್ರು ಲೈಸೆನ್ಸ್ ಕೊಡ್ತಾರಂತ. ಆಮ್ಯಾಲ ನಾವ ಮೈಕ್ ಹಿಡದು ಮಾತಾಡಬಹುದು, ಯಾವ ದೇಶದಾಗ ಯಾರ ಇದ್ರೂ!"

ಜೋಳದ ಹಿಟ್ಟು ನಾದುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಒಬ್ಬಾಕಿನ ಕಳಸೂದಿಲ್ಲ. ದೊಡ್ಡಾಕಿ ಜೋಡಿ ಹೋಗಲಿ," ಎಂದರು.

ದೊಡ್ಡಾಕಿ ಎಂದರೆ ನಾನು. ಅಕ್ಕಲಕೋಟೆಯ ಮಗಳು, ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆಯ ತನಕ ಓದಿದವಳು. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತು ಎಲೆ ಬಿಡಿಸಿ ಸೋಸಲೆಂದು ಚೀಲದಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಒಯ್ದಿದ್ದೆ. ಕಲಿಸುವವರು ರೇಡಿಯೋ ದುರಸ್ತಿ ಅಂಗಡಿಯ ಹಿರಿಯರೊಬ್ಬರು; ನಾವು ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದೆವು, ಅವರು ನಮ್ಮನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಮೂರನೆಯ ದಿನ ಅವರು ಹಲಗೆಯ ಮೇಲೆ ಭೂಮಿಯ ಒಂದು ಗುಂಡು, ಅದರ ಸುತ್ತ ಒಂದು ಗೆರೆ ಎಳೆದು, ಅಲೆ ಆ ಗೆರೆಗೆ ಬಡಿದು ಹೇಗೆ ಕೆಳಗಿಳಿಯುತ್ತದೆ ಎಂದು ತೋರಿಸಿದಾಗ ನನ್ನ ಕೈಯಲ್ಲಿದ್ದ ಮೆಂತ್ಯ ಹಾಗೇ ಉಳಿಯಿತು. ಆಮೇಲೆ ನಾನೂ ನೋಟುಪುಸ್ತಕ ಕೊಂಡೆ. ಪರೀಕ್ಷೆಯಲ್ಲಿ ನನಗೆ ಅವಳಿಗಿಂತ ಎರಡು ಅಂಕ ಹೆಚ್ಚು ಬಂತು. ಅಂಕಗಳ ಚೀಟಿಯನ್ನು ನೋಡಿ ಅವಳು ಮೆಟ್ಟಿಲ ಮೇಲೆ ಕೂತು ನಕ್ಕ ನಗು ಮೂರು ಮನೆಯಾಚೆ ಕೇಳಿರಬೇಕು. "ಡಿಪ್ಲೊಮಾ ಮಾಡಿದಾಕಿ ನಾನು, ಮೆಂತೆ ಸೋಸಿದಾಕಿ ನೀವು!"

ಲೈಸೆನ್ಸು ಬಂದ ಮೇಲೆ ಮಾಸ್ತರರಿಂದಲೇ ಒಂದು ಹಳೆಯ ಸೆಟ್ಟು ತಂದೆವು. ಮಾಳಿಗೆಯ ಮೇಲಿನ ಚಿಕ್ಕ ಖೋಲಿ ನಮ್ಮ ಸ್ಟೇಷನ್ನು ಆಯಿತು. ಅರಿವೆ ಒಣಹಾಕುವ ಕಂಬದಿಂದ ನೀರಿನ ಟಾಕಿಯ ತನಕ ತಾಮ್ರದ ತಂತಿ ಎಳೆದೆವು. ಅದರ ಒಂದು ಬೆಸುಗೆಯನ್ನು ನಾನೇ ನನ್ನ ಕೈಯಿಂದ ಹಾಕಿದ್ದೆ. ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದರೆಂದರೆ ನಾವಿಬ್ಬರೂ ಮೇಲೆ. ಕೊಚ್ಚಿಯ ಕಡೆಯ ಒಬ್ಬ ನಿವೃತ್ತ ನರ್ಸ್ ಬಾಯಿ ನಮಗೆ ಗೆಳತಿಯಾದರು. ಅವರೂ ನಮ್ಮ ಹಾಗೆ ಹೊಸಬರು. ನಮ್ಮ ಹಿಂದಿಯೂ ಅಷ್ಟಕ್ಕಷ್ಟೇ, ಅವರ ಹಿಂದಿಯೂ ಅಷ್ಟಕ್ಕಷ್ಟೇ, ಆದ್ದರಿಂದ ಮಾತು ಬಲು ಸರಾಗವಾಗಿ ಸಾಗುತ್ತಿತ್ತು.

ಫೆಬ್ರವರಿ ಮುಗಿಯುತ್ತ ಬಂದಾಗ ಅದು ಶುರುವಾಯಿತು. ಒಂದು ಸಂಜೆ ದೀಪ ಹಚ್ಚಿ ಮೇಲೆ ಹೋಗಿ ಸೆಟ್ಟು ಚಾಲೂ ಮಾಡಿದೆವು. ನರ್ಸ್ ಬಾಯಿಯ ದನಿ ಬಂತು, ಆದರೆ ಏನು ದನಿ ಅದು! ತಿರುಗುವ ಫ್ಯಾನಿನ ಮುಂದೆ ಬಾಯಿಯಿಟ್ಟು ಮಾತಾಡಿದ ಹಾಗೆ ಅದುರುತ್ತಿತ್ತು. ಒಂದೊಂದು ಅಕ್ಷರವೂ ಇಪ್ಪತ್ತು ತುಂಡು.

"ಅಯ್ಯ, ಪಾಪ, ಚಳಿಜ್ವರ ಬಂದಾವೇನೋ," ಎಂದಳು ನೆಗೆಣ್ಣಿ. ಮೈಕಿನಲ್ಲಿ ಕೇಳಿಯೂ ಬಿಟ್ಟಳು.

ಆ ಕಡೆಯಿಂದ ನರ್ಸ್ ಬಾಯಿ ಗಾಬರಿಯಾಗಿ ಹೇಳಿದರು, ತಾನು ಚೆನ್ನಾಗಿಯೇ ಇದ್ದೇನೆ, ನೀವಿಬ್ಬರೂ ಯಾಕೆ ಅಳುತ್ತಿದ್ದೀರಿ ಎಂದು.

ಅವತ್ತು ನಕ್ಕು ಮಲಗಿದೆವು. ಆದರೆ ಮರುದಿನ ಮಧ್ಯಾಹ್ನ ದನಿ ಸ್ವಚ್ಛ, ಸಂಜೆ ಏಳೂವರೆಗೆ ಮತ್ತೆ ನಡುಕ. ಅದರ ಮರುದಿನವೂ ಅದೇ. ಸೆಟ್ಟನ್ನು ಚಾದರಿನಲ್ಲಿ ಸುತ್ತಿಕೊಂಡು ಮಾಸ್ತರರ ಅಂಗಡಿಗೆ ಒಯ್ದೆವು. ಅವರು ಬಿಚ್ಚಿ ನೋಡಿ, "ಏನೂ ದೋಷ ಇಲ್ಲ, ಮಸ್ತ ಅದ," ಎಂದು ಕಳಿಸಿದರು. ಹಗಲು ಮಸ್ತ್ ಇತ್ತು, ಸಂಜೆ ನಡುಗಿತು. ನನ್ನ ಗಂಡ ಫ್ರಿಜ್ಜಿನ ಮೇಲೆ ಅನುಮಾನಪಟ್ಟರು; ಫ್ರಿಜ್ಜು ಬಂದ್ ಮಾಡಿ ನೋಡಿದೆವು, ಹಾಲು ಒಡೆಯಿತು, ನಡುಕ ಹೋಗಲಿಲ್ಲ. ಮೈದುನ ತಂತಿಯ ಮೇಲೆ ಕೂರುವ ಪಾರಿವಾಳಗಳ ಮೇಲೆ ಅನುಮಾನಪಟ್ಟ. ಸೆಟ್ಟು ಎರಡನೆಯ ಸಲ ಅಂಗಡಿಗೆ ಹೋಗಿ ಬಂತು.

ಕಡೆಗೆ ಅನುಮಾನ ನಮ್ಮಿಬ್ಬರ ನಡುವೆಯೇ ಬಂದು ಕೂತಿತು. ನೆಗೆಣ್ಣಿ ತಂತಿಯ ಬೆಸುಗೆಯನ್ನು ಉಗುರಿನಿಂದ ಕೆರೆಯುತ್ತ ಮೆತ್ತಗೆ ಅಂದಳು: "ಕೈ ಹೊಸದು ಅಲ್ರಿ ಅಕ್ಕಾ, ಜರಾ ಸಡಲ ಆಗಿರಬಹುದು."

ನನಗೆ ರೇಗಿತು. "ನನ್ನ ಬೆಸಗಿ ಹಗಲಿನ್ಯಾಗ ಬಿಗಿ ಇದ್ದು ಸಂಜೀಕ ಸಡಲ ಆಗತದೇನು? ನೀನ ಆ ಗುಂಡಿ ಹತ್ತ ಸಲ ತಿರವತಿ, ಅದಕ್ಕ ಹಿಂಗ ಆಗೇದ."

ಒಂದು ಇಡೀ ದಿನ ಮಾತು ಬಿಟ್ಟೆವು. ಒಂದೇ ಅಡುಗೆಮನೆ, ಎರಡು ಒಲೆ, ಬೆನ್ನಿಗೆ ಬೆನ್ನು. "ಅತ್ತೀ, ಉಪ್ಪಿನ ಡಬ್ಬಿ ಈ ಕಡೆ ಸರಸ್ಲಿಕ್ಕೆ ಹೇಳ್ರಿ." "ಅತ್ತೀ, ಅಲ್ಲೇ ಎಡಕ್ಕ ಅದ ಅಂತ ಹೇಳ್ರಿ."

ಅತ್ತೆ ಲಟ್ಟಣಿಗೆ ಕೆಳಗಿಟ್ಟರು. "ನಾ ಏನ್ ನಿಮ್ಮ ರೇಡಿಯೋ ಏನು?"

ನನಗೆ ನಗು ತಡೆಯಲಿಲ್ಲ. ಅವಳಿಗೂ ತಡೆಯಲಿಲ್ಲ. ಆದರೂ ಇಬ್ಬರೂ ಬೇರೆ ಬೇರೆ ಗೋಡೆಗೆ ಮುಖ ಮಾಡಿಯೇ ನಕ್ಕೆವು. ಸೆಟ್ಟನ್ನು ಮೂರನೆಯ ಸಲ ಒಯ್ಯುವಾಗ ರಿಕ್ಷಾದಲ್ಲಿ ಅದನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು.

ಮಾಸ್ತರ ಈ ಸಲ ಸೆಟ್ಟನ್ನು ಬಿಚ್ಚಲೇ ಇಲ್ಲ. ಕನ್ನಡಕ ಹಣೆಗೇರಿಸಿ ಕೇಳಿದರು: "ವೈನಿ, ಯಾವ ವೇಳ್ಯಾಕ್ಕ ನಡಗತದ?"

"ಏಳೂವರಿಗೆ ಶುರು ಆಗತದ್ರಿ. ದಿನಾ ಇಲ್ಲ. ನಿನ್ನಿ ಇದ್ದಿಲ್ಲ, ಮೊನ್ನಿ ಭಾಳ ಇತ್ತು."

"ಮಧ್ಯಾಹ್ನ ಒಟ್ಟ ಇಲ್ಲ?"

"ಒಟ್ಟ ಇಲ್ಲ."

ಅವರು ಕ್ಯಾಲೆಂಡರಿನ ಕಡೆ ನೋಡಿದರು, ಬೆರಳು ಮಡಚಿ ಏನೋ ಎಣಿಸಿದರು, ತಮ್ಮ ಹಣೆಗೆ ತಾವೇ ಬಡಿದುಕೊಂಡರು. "ಅರೇ ದೇವಾ! ನಾ ಎಂಥಾ ಹುಚ್ಚ ಇದ್ದೀನಿ. ಈ ಸೆಟ್ ನನ್ನ ಟೇಬಲ್ ಮ್ಯಾಲ ಹಗಲಿನ್ಯಾಗ ನೋಡಿದ್ರ ಏನ್ ತಿಳೀತದ! ನಡ್ರಿ, ಇವತ್ತ ನಿಮ್ಮ ಮನೀಗೆ ಬರ್ತೀನಿ." ಹೊತ್ತು ಮುಳುಗುವ ಮೊದಲೇ ಅಂಗಡಿಯ ಶಟರ್ ಎಳೆದು ನಮ್ಮ ಹಿಂದೆ ಹೊರಟೇಬಿಟ್ಟರು.

ಏಳೂವರೆಗೆ ಖೋಲಿಯಲ್ಲಿ ಮೂವರೂ ಸೆಟ್ಟಿನ ಮುಂದೆ ಕೂತೆವು. ಏಳು ನಲವತ್ತಕ್ಕೆ ತಮಿಳುನಾಡಿನ ಯಾರೋ ಇಬ್ಬರ ದನಿ ಚೆನ್ನಾಗಿ ಬರುತ್ತಿದ್ದದ್ದು ಒಮ್ಮೆಲೇ ತುಂಡುತುಂಡಾಗಿ ಅದುರತೊಡಗಿತು. ಮಾಸ್ತರ ಮಗುವಿನಂತೆ ಚಪ್ಪಾಳೆ ತಟ್ಟಿದರು. "ಬಂತು! ನಿಮ್ಮ ಸೆಟ್ ಬರಾಬರ್ ಅದ. ಬೆಸಗೀನೂ ಬರಾಬರ್ ಅದ. ನಡಗಾಕತ್ತಿದ್ದು ಆಕಾಶ."

ನಾನು ನೆಗೆಣ್ಣಿಯ ಮುಖ ನೋಡಿದೆ, ಅವಳು ನನ್ನದು. ಅಷ್ಟು ಹೊತ್ತೂ ನಡುವೆ ಕೂತಿದ್ದ ಮುನಿಸು ಯಾವಾಗ ಎದ್ದು ಹೋಯಿತೋ ತಿಳಿಯಲಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ಅತ್ತೆ ಜುಣಕ ಮಾಡುತ್ತಿದ್ದರು. ಪಾತೇಲಿಯಲ್ಲಿ ಕಡಲೆಹಿಟ್ಟು ದಪ್ಪಗಾಗಿ ಗುಳುಗುಳು ಎನ್ನುತ್ತಿತ್ತು. ಮಾಸ್ತರ ಬಾಗಿಲಲ್ಲೇ ನಿಂತು ಅದಕ್ಕೆ ಬೆರಳು ತೋರಿಸಿದರು. "ಹಾಂ, ಇದ ನೋಡ್ರಿ, ಇದ!"

"ಏನಾತು? ತಳ ಹತ್ತಿತೇನು?" ಎಂದು ಅತ್ತೆ ಗಾಬರಿಯಾದರು.

"ಹತ್ತಿಲ್ಲ ಕಾಕು. ನೋಡ್ರಿ ವೈನಿ, ಹಗಲೆಲ್ಲ ಬಿಸಲು ಬಿದ್ದು ಮುನ್ನೂರು ಕಿಲೋಮೀಟರ್ ಎತ್ತರದಾಗಿನ ತೆಳು ಗಾಳಿ ವಿದ್ಯುತ್ತಿನ ಪದರ ಆಗತದ. ಕ್ಲಾಸಿನ್ಯಾಗ ನಾ ಗೆರಿ ಹಾಕಿ ತೋರ್ಸಿದ್ದು ಅದ. ಅದು ಚಂದಾಗಿ ಸಾರಿಸಿದ ಗ್ವಾಡಿ ಇದ್ದಂಗ, ದನಿ ಹೋಗಿ ಬಡದು ಸೀದಾ ವಾಪಸ್ ಬರ್ತದ. ಹೊತ್ತು ಮುಣಗಿದ ಕೂಡ್ಲೆ ಆ ಪದರಿನ ತಳ ಕರಗತದ. ಮ್ಯಾಲಿನ ದಪ್ಪಂದು ಹಂಗ ಉಳೀತದ, ಇನ್ನಾ ಎತ್ತರಕ್ಕ ಏರತದ. ಮ್ಯಾಲ ಭಾರ, ಕೆಳಗ ಹಗರ. ಆವಾಗ ಕೆಳಗಿನ ಹಗರಂದು ಸುಮ್ಮ ಕೂಡತದೇನು? ಈ ಜುಣಕದಾಗ ಗುಳ್ಳಿ ಏಳತಾವಲ್ಲ, ಹಂಗ ಮ್ಯಾಲ ಏಳತದ. ಒಂದೊಂದು ಗುಳ್ಳಿ ನೂರಾರು ಕಿಲೋಮೀಟರ್! ಗ್ವಾಡಿ ಪೂರಾ ತಗ್ಗು-ದಿನ್ನಿ. ದನಿ ಅದಕ್ಕ ಬಡದು ಚೂರ ಚೂರ ಆಗಿ ಬರ್ತದ."

"ಎಲ್ಲಾ ಕಡೆ ಹಿಂಗನ?" ಎಂದಳು ನೆಗೆಣ್ಣಿ.

"ಎಲ್ಲಾ ಕಡೆ ಇಲ್ಲ. ಇದು ನಮ್ಮಂಥಾ ಬಿಸಲನಾಡಿನ ಆಟ. ದಿಕ್ಸೂಚಿ ಸೂಜಿ ಮ್ಯಾಲಕ್ಕೂ ವಾಲದ, ಕೆಳಕ್ಕೂ ವಾಲದ ಸಪಾಟ ಮಲಗೋ ಗೆರಿ ಒಂದು ಕನ್ಯಾಕುಮಾರಿ ಕಡೆ ಹಾದು ಹೋಗತದ. ಗುಳ್ಳಿ ಏಳೂದು ಅಲ್ಲಿ. ಭಾಳ ಎತ್ತರಕ್ಕ ಹೋದವು ಉತ್ತರಕ್ಕೂ ದಕ್ಷಿಣಕ್ಕೂ ಉದ್ದಕ ಚಾಚಿ ನಮ್ಮ ಸೋಲಾಪುರದ ನೆತ್ತಿ ಮಟ ಬರತಾವ. ಹಗಲು ರಾತ್ರಿ ಸಮ ಇರೋ ತಿಂಗಳದಾಗ ಜೋರು. ಸೂರ್ಯನ ಮ್ಯಾಲ ಕಲಿ ಭಾಳ ಇದ್ದ ವರ್ಷ ಇನ್ನೂ ಜೋರು, ಈಗ ಹಂಗ ಅದ. ಉಪಗ್ರಹದ ದನೀನೂ ಬಿಡೂದಿಲ್ಲ ಇದು. ಚುಕ್ಕಿ ಮಿಣಮಿಣ ಅಂದಂಗ ಅವೂ ಮಿಣಮಿಣ ಅಂತಾವ."

ಅತ್ತೆ ಸೌಟು ಹಿಡಿದು ಪಾತೇಲಿಯನ್ನು ಒಂದು ಹೊಸ ಗೌರವದಿಂದ ನೋಡಿದರು. "ಅಂದ್ರ ನಾ ದಿನಾ ಇಲ್ಲಿ ಮಾಡೂದನ್ನ ದೇವ್ರು ಅಲ್ಲಿ ಮಾಡಾಕತ್ಯಾನ."

ರೊಟ್ಟಿ-ಜುಣಕ ಉಂಡು ಹೊರಡುವಾಗ ಮಾಸ್ತರ ಇನ್ನೊಂದು ಮಾತು ಹೇಳಿದರು. ನಮ್ಮನ್ನು ಕೆಡಿಸಿದ್ದು ಆ ಮಾತು. ಇದೇ ಸಂಜೆಗಳಲ್ಲಿ ಆ ಪದರ ದಿಕ್ಸೂಚಿ ಗೆರೆಯ ಎರಡೂ ಮಗ್ಗುಲಿಗೆ ಉಬ್ಬಿರುತ್ತದಂತೆ. ಒಂದು ಉಬ್ಬು ನಮ್ಮ ಕಡೆ, ಒಂದು ದಕ್ಷಿಣ ಸಮುದ್ರದ ಕಡೆ. ಹತ್ತು ಮೀಟರ್ ಉದ್ದದ ಅಲೆಗಳ ಪಟ್ಟಿಯಲ್ಲಿ ಕೂಗಿದರೆ ದನಿ ಈ ಉಬ್ಬಿಗೆ ತಾಗಿ, ನಡುವೆ ಎಲ್ಲೂ ನೆಲ ಮುಟ್ಟದೆ, ಆ ಉಬ್ಬಿಗೆ ಹಾರಿ, ಸಮುದ್ರದಾಚೆ ಇಳಿಯುತ್ತದಂತೆ. "ನಡಗತದ, ಖರೆ. ಆದ್ರ ಮುಟ್ಟತದ. ನಿಮ್ಮ ಮನಿ ಹಿಂದ ಮಗ್ಗದ ಕಾರಖಾನಿ ಅದ, ಆ ಮೋಟಾರಿನ ಗೊರಗೊರದಾಗ ಅಷ್ಟ ದೂರದ ದನಿ ಕೇಳೂದಿಲ್ಲ. ಶಾಂತ ಜಾಗಾ ನೋಡ್ರಿ."

ಶಾಂತ ಜಾಗ ಎಂದರೆ ನನ್ನ ತವರು. ಅಕ್ಕಲಕೋಟೆಯಲ್ಲಿ ತಮ್ಮನ ಮನೆ ಊರಂಚಿಗಿದೆ, ಸುತ್ತ ಬಯಲು. ಗಂಡಸರ ಒಪ್ಪಿಗೆ ಕೇಳುವ ಪ್ರಶ್ನೆಯೇ ಬರಲಿಲ್ಲ. ಅತ್ತೆ ಪ್ರತಿ ಗುರುವಾರ ಅಕ್ಕಲಕೋಟೆಗೆ ಸ್ವಾಮಿಗಳ ಗುಡಿಯ ದರ್ಶನಕ್ಕೆ ಹೋಗುವವರು. ಈ ಗುರುವಾರ ಸೊಸೆಯರೂ ಜೊತೆಗೆ ಹೊರಟಿದ್ದಾರೆ ಎಂದಾಗ ಮನೆಯಲ್ಲಿ ಎಲ್ಲರಿಗೂ ಸಂತೋಷವೇ ಆಯಿತು. ಬೇರೆ ಊರಿನಿಂದ ಮಾತಾಡಲು ಬೇಕಾದ ಅನುಮತಿಯನ್ನು ಮಾಸ್ತರ ಮಾಡಿಸಿಕೊಟ್ಟರು.

ಬಸ್ಸಿನಲ್ಲಿ ನಮ್ಮ ಸಾಮಾನು ನೋಡಬೇಕಿತ್ತು. ಚಾದರಿನಲ್ಲಿ ಸುತ್ತಿದ ಸೆಟ್ಟು, ಬ್ಯಾಟರಿ, ತಂತಿಯ ಸುರುಳಿ, ಮತ್ತು ಒಂದು ಉದ್ದನೆಯ ಬಿದಿರು. ಬಿದಿರು ಹಿಂದಿನ ಸೀಟಿನಿಂದ ಮುಂದಿನ ಮೂರನೆಯ ಸೀಟಿನವರೆಗೆ ಚಾಚಿತ್ತು. ನಮ್ಮ ಕಡೆ ಪಾಡ್ವಾಕ್ಕೆ, ಅಂದರೆ ಯುಗಾದಿಗೆ, ಬಿದಿರಿನ ತುದಿಗೆ ಸೀರೆ ಕಟ್ಟಿ ಮನೆಯ ಮುಂದೆ ಗುಡಿ ಎಂದು ನಿಲ್ಲಿಸುತ್ತಾರೆ. ಕುಂಭಾರಿಯಲ್ಲಿ ಹತ್ತಿದ ಒಬ್ಬ ಹೆಂಗಸು ಅದನ್ನು ದಾಟುತ್ತ ಕೇಳಿದಳು: "ಗುಡಿ ನಿಲ್ಲಸಾಕೇನ್ರಿ? ಪಾಡ್ವಾ ಇನ್ನಾ ಹತ್ತ ದಿವಸ ಅದ!"

"ಹೌದ್ರಿ, ನಮ್ಮ ಮನ್ಯಾಗ ಲಗೂನ ನಿಲ್ಲಸ್ತೀವಿ," ಎಂದು ನೆಗೆಣ್ಣಿ ಗಂಭೀರವಾಗಿ ಹೇಳಿ, ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡಳು. ವಳಸಂಗ ದಾಟುವ ತನಕ ಅವಳ ಬೆನ್ನು ಕುಲುಕುತ್ತಲೇ ಇತ್ತು.

ದರ್ಶನ ಮುಗಿಸಿ ತಮ್ಮನ ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಅವನು ಒಂದೂ ಪ್ರಶ್ನೆ ಕೇಳದೆ ಬಿದಿರನ್ನು ಮಾಳಿಗೆಯ ಮೇಲೆ ಕಟ್ಟಿಕೊಟ್ಟ. ಎರಡೂವರೆ ಮೀಟರಿನ ಎರಡು ತಂತಿಗಳನ್ನು ಅದರ ತುದಿಯಿಂದ ಎರಡೂ ಕಡೆಗೆ ಇಳಿಬಿಟ್ಟು, ಅವುಗಳ ಮಗ್ಗುಲು ದಕ್ಷಿಣ ಸಮುದ್ರದ ಕಡೆಗೆ, ಅಂದರೆ ವಿಜಯಪುರದ ದಿಕ್ಕಿಗೆ, ಬರುವಂತೆ ತಿರುಗಿಸಿದೆವು. ಅತ್ತೆ ಮೇಲೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

ಹೊತ್ತು ಮುಳುಗಿತು. ಏಳು ಹೊಡೆಯಿತು. ಸೆಟ್ಟಿನಲ್ಲಿ ಬರೀ ಸುಯ್ ಎನ್ನುವ ಸದ್ದು. ಮೋಟಾರಿನ ಗೊರಗೊರವಿಲ್ಲದ ಆ ಸದ್ದನ್ನೇ ಕೇಳುತ್ತ ಕೂರುವುದೂ ಒಂದು ಸುಖವಾಗಿತ್ತು. ಏಳೂವರೆ. ಏನೂ ಇಲ್ಲ. "ಇವತ್ತ ಜುಣಕ ಕುದ್ದಿಲ್ಲ ಕಾಣ್ತದ," ಎಂದರು ಅತ್ತೆ.

ಎಂಟಕ್ಕೆ ಐದು ನಿಮಿಷ ಇರುವಾಗ ನೆಗೆಣ್ಣಿಯ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಸುಯ್ ಸದ್ದಿನ ಒಳಗಿನಿಂದ ಯಾರೋ ಗಂಡಸು ಇಂಗ್ಲಿಷಿನಲ್ಲಿ ಕರೆಯುತ್ತಿದ್ದ: ಯಾರಾದರೂ ಇದ್ದೀರಾ, ಯಾರಾದರೂ ಇದ್ದೀರಾ. ದನಿ ಗಡಗಡ ನಡುಗುತ್ತಿತ್ತು. ಹೇಳಿದ್ದನ್ನೇ ನಾಲ್ಕು ಸಲ ಹೇಳಿದ ಮೇಲೆ ತಿಳಿಯಿತು: ಮಾರಿಷಸ್.

"ಅಕ್ಕಾ, ನೀವ ಮಾತಾಡ್ರಿ," ಎಂದು ಅವಳು ಮೈಕನ್ನು ನನಗೆ ತುರುಕಿದಳು. "ನಿಮಗ ಎರಡ ಅಂಕ ಹೆಚ್ಚ ಬಂದಾವ!"

ನಾನು ಮೈಕಿನ ಗುಂಡಿ ಒತ್ತಿದೆ. ಲೈಸೆನ್ಸಿನಲ್ಲಿ ಕೊಟ್ಟ ನಮ್ಮ ಕರೆಗುರುತನ್ನು ಒಂದೊಂದೇ ಅಕ್ಷರವಾಗಿ ಹೇಳಿದೆ, ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಅವನು ಅದನ್ನು ನನಗೇ ತಿರುಗಿ ಹೇಳಿದ. ನಮ್ಮ ಅಕ್ಷರಗಳು ಸಮುದ್ರದಾಚೆಗೆ ಹೋಗಿ, ಇನ್ನೊಬ್ಬರ ಬಾಯಿಂದ ನಡುಗುತ್ತ ವಾಪಸು ಬಂದವು! ನೆಗೆಣ್ಣಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಮುರಿಯಿತು.

ಎಲ್ಲಿಂದ ಎಂದು ಕೇಳಿದ. ಅಕ್ಕಲಕೋಟೆ, ಸೋಲಾಪುರದ ಹತ್ತಿರ, ಮಹಾರಾಷ್ಟ್ರ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆ ಕಡೆ ಸದ್ದಿಲ್ಲ. ಹೋಯಿತು, ಮುಗಿಯಿತು ಎಂದುಕೊಂಡೆವು. ಆಮೇಲೆ, ಬಲು ನಿಧಾನವಾಗಿ, ಮರೆತ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟ ಹಾಗೆ ದನಿ ಬಂತು.

"ಮಹಾರಾಷ್ಟ್ರ? ತುಮ್ಹಿ... ತುಮ್ಹಿ ಜೇವಲಾತ ಕಾ?"

ಊಟ ಆಯಿತೇ ಎಂದು ಕೇಳುತ್ತಿದ್ದ. ಮರಾಠಿಯಲ್ಲಿ! ಅವನ ಅಜ್ಜಿಯ ಅಜ್ಜಿ ಈ ಕಡೆಯಿಂದ ಹಡಗು ಹತ್ತಿ ಹೋದವಳಂತೆ. ಮನೆಯಲ್ಲಿ ಉಳಿದದ್ದು ಹಿಡಿಯಷ್ಟು ಮಾತು, ಅದರಲ್ಲಿ ಇದು ಒಂದು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಇಕಾಡ ಕೊಡ, ನಾ ಮಾತಾಡ್ತೀನಿ."

"ಅತ್ತೀ, ಲೈಸೆನ್ಸ್ ಇಲ್ಲದವ್ರು ಮಾತಾಡಂಗಿಲ್ರಿ!"

"ಊಟ ಆತೇನು ಅಂತ ಕೇಳಾಕ ಲೈಸೆನ್ಸ್ ಏನು!" ಎಂದು ಗದರಿದರೂ ಮೈಕು ಮುಟ್ಟಲಿಲ್ಲ. ನನ್ನ ಕಿವಿಗೆ ಬಾಯಿ ಹಚ್ಚಿ ಹುಕುಂ ಶುರುಮಾಡಿದರು. "ನಾವಿನ್ನಾ ಉಂಡಿಲ್ಲ ಅಂತ ಹೇಳ. ಅಲ್ಲಿ ಹೊತ್ತು ಮುಣಗೇದೇನು ಕೇಳ. ಮಕ್ಕಳೆಷ್ಟು ಕೇಳ. ನಮ್ಮ ಮನಿ ಮಾತು ಮರಾಠಿ ಅಲ್ಲ, ಕನ್ನಡ, ಆದ್ರೂ ನಮಗ ಮರಾಠಿ ಬರ್ತದ ಅಂತ ಹೇಳ."

ಅಲ್ಲಿ ಈಗಷ್ಟೇ ಹೊತ್ತು ಮುಳುಗಿದೆಯಂತೆ. ಎರಡು ಹೆಣ್ಣುಮಕ್ಕಳಂತೆ. ಇಷ್ಟೂ ಸರಿಯಾಗಿ ಆಯಿತು. ನಾವು ಕನ್ನಡದವರು ಎಂದು ನಾನು ಹೇಳಿದ್ದು ಮಾತ್ರ ದಾರಿಯಲ್ಲಿ ಯಾವ ಗುಳ್ಳೆಗೆ ಸಿಕ್ಕಿತೋ.

"ಕೆನಡಾ?" ಎಂದು ಆ ಕಡೆಯಿಂದ ಚೀರಿದ. "ನೀವು ಕೆನಡಾದಲ್ಲಿ ಇದ್ದೀರಾ?"

"ಕೆನಡಾ ಅಲ್ಲ! ಕನ್ನಡ! ಕನ್ನಡ!"

"ಕೆನಡಾ! ಅಲ್ಲಿ ಬಹಳ ಚಳಿ!" ಅವನು ಉತ್ಸಾಹದಿಂದ ತನ್ನ ಹೆಂಡತಿಯನ್ನು ಕೂಗಿ ಕರೆಯುವುದೂ ಕೇಳಿಸಿತು. ಅವಳು ಬಂದು ಮೈಕಿನ ಹತ್ತಿರ ನಿಂತು ನಕ್ಕಳು. ಆ ನಗು ನಡುಗುತ್ತ, ಬಿಕ್ಕುತ್ತ, ಮಣಿಸರ ಹರಿದು ಚೆಲ್ಲಿದ ಹಾಗೆ ನಮ್ಮ ಮಾಳಿಗೆಯ ಮೇಲೆ ಬಿತ್ತು. ನೆಗೆಣ್ಣಿ ನೆಲದ ಮೇಲೆ ಉರುಳಿ ನಗುತ್ತಿದ್ದಳು. ನಾನು ಮೈಕಿನ ಗುಂಡಿ ಒತ್ತಿದರೆ ಬಾಯಿಂದ ನಗುವೇ ಹೊರಬರುತ್ತಿತ್ತು. "ಇವನೌನ, ಅಕ್ಕಲಕ್ವಾಟಿ ಅನ್ನೂದು ತಿಳೀತದ, ಕನ್ನಡ ಅನ್ನೂದು ತಿಳ್ಯೂದಿಲ್ಲೇನು!" ಎಂದು ಬಯ್ಯುತ್ತ ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಉಸಿರು ತಂದುಕೊಂಡು, ಭಾಷೆ, ಭಾಷೆ, ನಮ್ಮ ಭಾಷೆಯ ಹೆಸರು ಎಂದು ಬಿಡಿಸಿ ಹೇಳಿದೆ. ಕಡೆಗೆ ಅವನು "ಕನ್-ನ-ಡ" ಎಂದು ಮೂರು ತುಂಡಾಗಿ, ಸರಿಯಾಗಿ ಅಂದ. ತಮ್ಮ ಕೆಳಗಿನಿಂದ, "ಮ್ಯಾಲ ಏನ್ ನಡದದ್ರಿ?" ಎಂದು ಕೂಗಿದ.

ಇನ್ನೂ ಐದಾರು ಮಾತು ಆದವು. ವಿಳಾಸ ಕೊಟ್ಟೆ, ಅವನು ಈ ಮಾತುಕತೆಯ ಗುರುತಿಗೆ ಒಂದು ಕಾರ್ಡು ಕಳಿಸುವುದಾಗಿ ಹೇಳಿದ. ಆಮೇಲೆ ದನಿ ತೆಳ್ಳಗಾಗುತ್ತ ಬಂತು. "ಪುನ್ಹಾ..." ಎಂದದ್ದು ಕೇಳಿಸಿತು, ಮತ್ತೆ ಎಂದರ್ಥ. ಮುಂದಿನದು ಸುಯ್ ಸದ್ದಿನಲ್ಲಿ ಮುಳುಗಿತು. ಬಹಳ ಹೊತ್ತು ಕಾದೆವು, ಮತ್ತೆ ಬರಲಿಲ್ಲ.

ಆ ಸಂಜೆ ಸೋಲಾಪುರಕ್ಕೆ ಮರಳುವ ಮಾತನ್ನು ಯಾರೂ ಎತ್ತಲಿಲ್ಲ. ತಮ್ಮನ ಮನೆಯಲ್ಲಿ ಉಣ್ಣಲು ಕೂತಾಗ ನೆಗೆಣ್ಣಿ ತಟ್ಟೆ ಮುಂದಿಟ್ಟುಕೊಂಡು "ಕೆನಡಾ" ಎಂದಳು, ನನಗೆ ತುತ್ತು ನೆತ್ತಿಗೇರಿತು. ಅತ್ತೆ ನನ್ನ ಬೆನ್ನು ತಟ್ಟುತ್ತ ತಾವೂ ನಕ್ಕರು. ಎಪ್ಪತ್ಮೂರು ವರ್ಷದ ಅವರು ಹಾಗೆ ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾರ್ಚ್, ಏಪ್ರಿಲ್ ಕಳೆದು ನಡುಕ ಕಡಿಮೆಯಾಯಿತು. ಮೇ ತಿಂಗಳ ಸಂಜೆಗಳಲ್ಲಿ ನರ್ಸ್ ಬಾಯಿಯ ದನಿ ಎಷ್ಟು ಸ್ವಚ್ಛ ಬರುತ್ತಿತ್ತೆಂದರೆ ನಮಗೆ ಬೇಸರವೇ ಆಗುತ್ತಿತ್ತು. ಮಳೆಗಾಲದಲ್ಲಿ ಕಾರ್ಡು ಬಂತು. ಹಿಂದೆ ನಮ್ಮ ಕರೆಗುರುತು, ದಿನ, ವೇಳೆ. ಮುಂದೆ ಒಂದು ಫೋಟೋ, ಆಳೆತ್ತರದ ಕಬ್ಬು, ನಡುವೆ ಒಂದು ಕೆಂಪು ಮಣ್ಣಿನ ದಾರಿ, ದೂರದಲ್ಲಿ ಗುಡ್ಡ.

ಅತ್ತೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ಮ ಅಕ್ಕಲಕ್ವಾಟಿ ಕಬ್ಬು ಅಲ್ಲೇನು? ಅಂವಾ ಯಾವಾಗ ಬಂದು ಫೋಟೋ ತಗದಾ?"

"ಅತ್ತೀ, ಅದು ಅವ್ರ ದೇಶದ್ದು. ಅಲ್ಲೂ ಕಬ್ಬು ಬೆಳೀತಾರಂತ್ರಿ," ಎಂದಳು ನೆಗೆಣ್ಣಿ.

"ಹಿಂದ ಗುಡ್ಡ ಹಾಕಿ ಮೋಸ ಮಾಡ್ಯಾನ," ಎಂದರು ಅತ್ತೆ. ಕಾರ್ಡನ್ನು ಅವರು ನಮಗೆ ವಾಪಸು ಕೊಡಲಿಲ್ಲ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಇದು ಅಕ್ಕಲಕೋಟೆಯ ಯಾವ ರಸ್ತೆಯ ಹೊಲ ಹೇಳಿ ನೋಡೋಣ ಎಂದು ಇವತ್ತಿಗೂ ಕೇಳುತ್ತಾರೆ.